ಗೌರಕ್ಕ ಆಫ್ರಿಕಾಕ್ಕೆ ಹೊರಟ ವರ್ಷ

ಬ್ಯಾಡಗಿಯಲ್ಲಿ ಬಸ್ಸಿಳಿದವರು ಮೊದಲು ಮಾಡುವ ಕೆಲಸ ಸೀನುವುದು. ಊರಿನವರು ಸೀನುವುದಿಲ್ಲ, ಅವರ ಮೂಗು ತೊಟ್ಟಿಲಲ್ಲೇ ಪಳಗಿರುತ್ತದೆ. ಹೊರಗಿನವರು ಮಾತ್ರ, ಅದೂ ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ, ಒಂದು ಕಾಲು ಇನ್ನೂ ಬಸ್ಸಿನ ಮೆಟ್ಟಿಲ ಮೇಲಿರುವಾಗಲೇ ಶುರು ಹಚ್ಚಿಕೊಳ್ಳುತ್ತಾರೆ. ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಗೆಂದು ಹೋಗಿ ಇಳಿದಾಗ ನನಗೂ ಅದೇ ಗತಿ. ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ಹಣ್ಣಿನ ಗಾಡಿಯ ಹುಡುಗ, "ಊರಿಗೆ ಹೊಸಬರೇನ್ರಿ?" ಅಂದ. "ನೀ ಹುಟ್ಟೂದಕ್ಕಿಂತ ಮೊದಲ ಇಲ್ಲಿ ಇದ್ದಾಕಿನೋ ಮಾರಾಯ" ಅಂದೆ. "ಮತ್ತ ಸೀನಾಕತ್ತೀರಿ?" ಎಂದು ನಕ್ಕುಬಿಟ್ಟ. ಉತ್ತರ ಕೊಡಲು ಬಾಯಿ ತೆರೆದರೆ ಮತ್ತೊಂದು ಸೀನು ಬಂತು.

ಘಾಟಿಗೆ ಕಣ್ಣು ಉರಿಯಿತು. ಕೈ ತಾನಾಗಿ ಕಣ್ಣಿನ ಕಡೆ ಹೊರಟಿತ್ತು, ಯಾರೋ ಬೆನ್ನ ಹಿಂದಿನಿಂದ ಗದರಿಸಿದ ಹಾಗಾಗಿ ಅರ್ಧಕ್ಕೇ ಇಳಿಸಿದೆ. "ಪ್ಯಾಟಿ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ ಅಕ್ಕೋರ!" ಅದು ನಾನು ಬಾಡಿಗೆಗಿದ್ದ ಮನೆಯ ಯಜಮಾನ ಚನ್ನಬಸಣ್ಣನ ಮಾತು. ನಾನು ಆ ಊರಿಗೆ ಕಾಲಿಟ್ಟ ದಿನ ಆತ ಕಲಿಸಿದ ಪಾಠ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಅಲ್ಲಿ ಪ್ಯಾಟಿ ಕೈ ಅನ್ನುತ್ತಾರೆ. ತನ್ನ ಮೆಣಸಿನಕಾಯಿ ಅಂಗಡಿಗೆ ಬಂದ ಹೊಸ ಹಮಾಲರಿಗೆಲ್ಲ ಚನ್ನಬಸಣ್ಣ ಇದನ್ನು ಮಂತ್ರದ ಹಾಗೆ ಹೇಳುತ್ತಿದ್ದ. ಮರೆತವರನ್ನು ಊರಿಗೇ ಕೇಳುವಂತೆ ಬೈಯುತ್ತಿದ್ದ. ಆ ಒಂದು ಮಾತಿನ ಹಿಂದೆ ಆ ವರ್ಷ ಪೂರ್ತಿ ಎದ್ದು ಬಂತು. ಬಸ್‌ಸ್ಟ್ಯಾಂಡಿನಿಂದ ಮದುವೆ ಮಂಟಪದವರೆಗೆ ನಾನು ನಡೆದದ್ದು ಆ ವರ್ಷದಲ್ಲೇ.

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಹಾವೇರಿಯವಳು. ಕೋರ್ಟು ಕಚೇರಿಗಳ ಊರು ನಮ್ಮದು; ಅಲ್ಲಿ ಮಾತಿಗಿಂತ ಅರ್ಜಿ ಜಾಸ್ತಿ. ಬ್ಯಾಡಗಿಯ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿ ಊರಿಗೆಲ್ಲ ಅಕ್ಕೋರು, ಅಂದರೆ ಟೀಚರು, ಆದೆ. ದಿನಾ ಓಡಾಡು ಅಂದ ಅಣ್ಣನ ಮಾತು ಕೇಳದೆ ಅಲ್ಲೇ ಒಂದು ಮಹಡಿ ಕೋಣೆ ಹಿಡಿದೆ. ಕೆಳಗೆ ಮನೆಯವರು: ಗೌರಕ್ಕ ಮತ್ತು ಆಕೆಯ ಗಂಡ ಚನ್ನಬಸಣ್ಣ. ಒಬ್ಬಳೇ ಮಗಳು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದಳು.

ಗೌರಕ್ಕನನ್ನು ನೀವು ನೋಡಬೇಕಿತ್ತು. ನಲವತ್ತು ದಾಟಿದ ಹೆಂಗಸು. ಇಳಕಲ್ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟಾವೆಲ್, ಕಾಲಿಗೆ ಬೂಟು, ಕೆಳಗೊಂದು ಕೆಂಪು ಸ್ಕೂಟಿ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿದ್ದಳು. ಬಿಎಸ್ಸಿ ಓದಿದವಳು. ರೈತರ ಹೊಲಗಳಲ್ಲಿ ಹೈಬ್ರಿಡ್ ಬೀಜ ಮಾಡಿಸುವುದು ಆಕೆಯ ಕೆಲಸ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಕೇಸರ ಕಿತ್ತುಹಾಕಬೇಕು. ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗ ತಂದು ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಆ ಸೀಮೆಯಲ್ಲಿ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೊಲದಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳ ನಡುವೆ ಗೌರಕ್ಕ ಓಡಾಡುತ್ತಿದ್ದರೆ ಆಕೆಯ ದನಿ ಹೆದ್ದಾರಿಯ ಲಾರಿಗಳ ಸದ್ದನ್ನೂ ಮೀರಿ ಕೇಳುತ್ತಿತ್ತು. "ಏ ನಿಂಗವ್ವಾ, ಹೂವ ಅದು, ಹಲ್ಲಲ್ಲ! ಸಾವಕಾಶ ಕೀಳ!" ಒಂದು ಸಲ ಜೊತೆಗೆ ಹೋಗಿ ನೋಡಿ ಬಂದವಳು ನಾನು ವಾರಗಟ್ಟಲೆ ಅದನ್ನೇ ಹೇಳಿಕೊಂಡು ಓಡಾಡಿದೆ. ಅಷ್ಟು ಖುಷಿಯಿಂದ ಕೆಲಸ ಮಾಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಚನ್ನಬಸಣ್ಣನದು ಮೆಣಸಿನಕಾಯಿ ಪ್ಯಾಟೆಯಲ್ಲಿ ದಲಾಲಿ ಅಂಗಡಿ. ರೈತರು ಚೀಲ ತಂದು ಅಂಗಡಿಯ ಮುಂದೆ ಬಾಯಿ ತೆರೆದು ನಿಲ್ಲಿಸುತ್ತಿದ್ದರು; ಖರೀದಿದಾರರು ಬಂದು ನೋಡಿ ಬೆಲೆ ಬರೆಯುತ್ತಿದ್ದರು. ಮೇಲೆ ಕೆಂಪಗೆ ಮಿರಮಿರ ಮಿಂಚುವ ಕಾಯಿ ಹರಡಿ ಕೆಳಗೆ ಬಿಳಿಚಿದ ಕಾಯಿ ತುಂಬುವ ಜಾಣರು ಎಲ್ಲ ಕಾಲದಲ್ಲೂ ಇರುತ್ತಾರಲ್ಲ, ಅದಕ್ಕೆ ಚನ್ನಬಸಣ್ಣ ಮೇಲಿನ ಕಾಯಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿ ತೋಳು ಮಡಚಿ ಮೊಳಕೈ ಮುಳುಗುವವರೆಗೆ ಚೀಲದೊಳಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದ. ಇದು ಆತನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆಯಲ್ಲಿ ರೊಟ್ಟಿ ಬುಟ್ಟಿಯಿಂದಲೂ ಕೆಳಗಿನ ರೊಟ್ಟಿಯನ್ನೇ ಎಳೆಯುತ್ತಿದ್ದ. "ಮ್ಯಾಲಿಂದ ಬಿಸಿ ಅದಾವ, ಅವನ್ನ ತಗೋರಿ ಅಂದ್ರ ಕೇಳಂಗಿಲ್ಲ ಈ ಮನಶ್ಯಾ" ಎಂದು ಗೌರಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು.

ಇನ್ನೊಂದು ಚಾಳಿಯೂ ಇತ್ತು ಆತನಿಗೆ. ಫೋನಿನಲ್ಲಿ ದೂರದ ವ್ಯಾಪಾರಿಗಳು ಏನೇ ಹೇಳಲಿ, ಅದನ್ನು ಹಾಗೇ ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದ, ಪಕ್ಕದಲ್ಲಿ ಕುಳಿತ ಗುಮಾಸ್ತ ದಸ್ತಗೀರ್ ಸಾಹೇಬ ಬರೆದುಕೊಳ್ಳಲಿ ಅಂತ. ನೆಂಟರು ಫೋನ್ ಮಾಡಿದರೂ ಅದೇ. ಹೀಗಾಗಿ ಆ ಮನೆಯ ಸುದ್ದಿ ಯಾವುದೂ ಪ್ಯಾಟೆಗೆ ಹೊಸದಾಗಿರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಗೌರಕ್ಕ ಪೇಪರಿನ ತುಂಡೊಂದನ್ನು ಹಿಡಿದು ಮಹಡಿ ಹತ್ತಿ ಬಂದಳು. ಬೇರೆ ದೇಶಗಳಿಗೆ ಕೆಲಸ ಬಲ್ಲವರನ್ನು ಎರಡು ವರ್ಷದ ಮಟ್ಟಿಗೆ ಸ್ವಯಂಸೇವಕರಾಗಿ ಕಳಿಸುವ ಸಂಸ್ಥೆಯ ಜಾಹೀರಾತು. ಟಾಂಜಾನಿಯಾದಲ್ಲಿ ಹೆಣ್ಣುಮಕ್ಕಳ ಸಂಘಗಳಿಗೆ ತರಕಾರಿ ಬೀಜ ಮಾಡುವುದನ್ನು ಕಲಿಸುವವರು ಬೇಕಾಗಿದ್ದರು. ಇರಲು ಮನೆ, ಉಣ್ಣಲು ಖರ್ಚು; ಸಂಬಳ ಅನ್ನುವಂಥದ್ದು ಇಲ್ಲ.

"ಅಕ್ಕೋರ, ಅರ್ಜಿ ಹಾಕ್ತೇನಿ. ನೀವು ಯಾಕ ಬರಾಕ ಇಚ್ಛಾಪಡ್ತೀರಿ ಅಂತ ಕೇಳ್ಯಾರ. ಅದನ್ನೊಂದು ನೆಟ್ಟಗ ಇಂಗ್ಲಿಷಿನ್ಯಾಗ ಬರಕೊಡ್ರಿ."

ಇಂಥದ್ದಕ್ಕೇ ಕಾದು ಕುಳಿತವಳ ಹಾಗೆ ಬರೆದೆ ನಾನು. ಮನುಕುಲದ ಸೇವೆ, ಬಡ ಸೋದರಿಯರ ಕಣ್ಣೀರು, ಗಡಿಗಳಿಲ್ಲದ ಪ್ರೀತಿ. ಒಂದೂ ಬಿಡಲಿಲ್ಲ. ಗೌರಕ್ಕ ನಿಧಾನವಾಗಿ ಓದಿದಳು, ಮತ್ತೊಮ್ಮೆ ಓದಿದಳು.

"ಈ ಹೆಣ್ಮಗಳು ಭಾಳ ಚಲೋ ಅದಾಳ್ರಿ ಅಕ್ಕೋರ. ಯಾರಕಿ?"

"ನೀವ ರೀ!"

"ನಾನ? ನಮ್ಮ ನಾದಿನಿ ಬಂದ್ರ ಎರಡನೇ ವಾಟಿ ಚಾ ಮಾಡಾಕ ಬ್ಯಾಸರಾ ಮಾಡ್ಕೊಳ್ಳಾಕಿ ನಾ. ಮನುಕುಲ ಎಲ್ಲಿಂದ ಬಂತ ಯವ್ವಾ?" ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಾಳೆ ಮಡಚುತ್ತ, "ಸದ್ಯಕ್ಕ ಇದನ್ನ ಕಳಸೂಣು. ಖರೇ ಕಾರಣ ನನಗೂ ಗೊತ್ತಿಲ್ಲ. ಹೋಗಬೇಕು ಅನ್ನೂದಷ್ಟ ಗೊತ್ತೈತಿ" ಅಂದಳು.

ನಾನು ಬರೆದದ್ದು ಗೆದ್ದಿತು. ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿಗೆ ಸಂದರ್ಶನಕ್ಕೆ ಬನ್ನಿ ಅಂತ ಕರೆ ಬಂತು. ನನಗೆ ಕೋಡು ಬಂದದ್ದು ಬಂದದ್ದೇ. ಆದರೆ ಕೆಳಗಿನ ಮನೆಯಲ್ಲಿ ಬೇರೆಯದೇ ಸಂದರ್ಶನ ಶುರುವಾಗಿತ್ತು.

ಊಟಕ್ಕೆ ಕೂತಾಗ ಗೌರಕ್ಕ ವಿಷಯ ತೆಗೆದಳಂತೆ. ಚನ್ನಬಸಣ್ಣ ಕೂಗಾಡಲಿಲ್ಲ. "ಯಾಕ?" ಅಂತ ಒಂದೇ ಮಾತು ಕೇಳಿದ. ಸೇವೆ ಅಂದಳು ಈಕೆ. ಆತ ಬುಟ್ಟಿಯ ತಳದಿಂದ ರೊಟ್ಟಿ ಎಳೆಯುತ್ತ, "ಇದು ಮ್ಯಾಲಿನ ಕಾಯಿ. ಸೇವಾ ಮಾಡಾಕ ನಿನ್ನ ತವರಮನಿ ಮೋಟೆಬೆನ್ನೂರಾಗ ಮಂದಿ ಇಲ್ಲೇನು? ನಿನ್ನ ಕಾಲಿಗೆ ನಾ ಹಗ್ಗ ಕಟ್ಟಿಲ್ಲ, ಹೋಗಬ್ಯಾಡ ಅನ್ನಂಗಿಲ್ಲ. ಆದ್ರ ಯಾಕಂತ ತಿಳೀದ ಹೂಂ ಅನ್ನಂಗೂ ಇಲ್ಲ" ಅಂದ.

ಮರುದಿನ ನನ್ನ ಮುಂದೆ ಇದನ್ನೆಲ್ಲ ಹೇಳಿ, "ಇವರು ಮನಸ್ಸಿಟ್ಟು ಹೂಂ ಅನ್ನದ ನಾ ಗಾಡಿ ಹತ್ತಂಗಿಲ್ರಿ" ಅಂದಳು. ನನ್ನ ಪಿತ್ತ ನೆತ್ತಿಗೇರಿತು. ಊರೆಲ್ಲ ಸ್ಕೂಟಿಯಲ್ಲಿ ತಿರುಗುವ ಹೆಂಗಸು, ಹತ್ತಾರು ಹಳ್ಳಿಯ ಗೌಡರನ್ನು ಗದರಿಸುವವಳು, ಗಂಡನ ಒಂದು ಹೂಂಗೆ ಕಾಯುವುದೇ? "ಅವರ ಪರ್ಮಿಷನ್ ನಿಮಗ ಯಾಕ ಬೇಕ್ರಿ?" ಎಂದು ಹಾರಿಬಿದ್ದೆ.

"ಪರ್ಮಿಷನ್ ಅಲ್ರಿ ಅಕ್ಕೋರ. ಅವರು ಕೇಳಿದ್ದು ನನಗೂ ಗೊತ್ತಿಲ್ಲ. ಒಂದ ತಾಟಿನ್ಯಾಗ ಉಂಡ ಮನಶ್ಯಾಗ ಹೇಳಾಕ ಬರದಿದ್ರ, ಬೆಂಗಳೂರಾಗ ಹೋಗಿ ಯಾರಿಗೆ ಏನ್ ಹೇಳ್ಲಿ?"



ಆ ಬೇಸಿಗೆ ಬೇಗ ಕಾದಿತು. ಗಾಳಿ ಬೀಸಿದರೆ ಖಾರದ ಪುಡಿಯೇ ಮುಖಕ್ಕೆ ಬಡಿಯುತ್ತಿತ್ತು. ರಸ್ತೆ, ಛಾವಣಿ, ಅಂಗಡಿಯ ಹಲಗೆಗಳೆಲ್ಲ ಕೆಂಪೋ ಕೆಂಪು. ಊರಿಗೆ ಸುದ್ದಿ ತಿಳಿಯಿತು, ಅದೂ ಫೋನಿನ ಮೇಲೆ ಚನ್ನಬಸಣ್ಣನ ಬಾಯಿಂದಲೇ. ಕಂಡವರೆಲ್ಲ ಯಾಕ ಯಾಕ ಅನ್ನತೊಡಗಿದರು. ಗೌರಕ್ಕ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಳು. ಎದುರು ಮನೆಯವಳಿಗೆ, "ನಿಮ್ಮ ಮಿಕ್ಸರಿನ ಸಪ್ಪಳ ತಾಳಾಕ ಆಗವಲ್ದು, ಅದಕ್ಕ ಹೊಂಟೇನಿ" ಅಂದಳು. ಕಂಪನಿಯ ಮ್ಯಾನೇಜರಿಗೆ, "ಅನುಭವಕ್ಕ್ರಿ ಸರ್" ಅಂದಳು. ಮೋಟೆಬೆನ್ನೂರಿನಲ್ಲಿದ್ದ ಆಕೆಯ ತಾಯಿಗೆ ಮಾತ್ರ ಏನು ಹೇಳಿದರೂ ಸಾಲಲಿಲ್ಲ. ಗೌರಕ್ಕನ ಅಜ್ಜ ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. ಊರಿನಲ್ಲಿ ಇಂದಿಗೂ ಅವರ ಹೆಸರು ಹೇಳಿದರೆ ಮುದುಕರು ಎದ್ದು ಕೂರುತ್ತಾರೆ. ತಾಯಿ ಕಣ್ಣಿಗೆ ಸೆರಗು ಒತ್ತಿಕೊಂಡು, "ನಿಮ್ಮಜ್ಜ ಈ ದೇಶದ ಸಲುವಾಗಿ ಜೇಲಿಗೆ ಹೋದ. ನೀ ದೇಶಾನ ಬಿಟ್ಟು ಹೊಂಟಿ" ಅಂದಳು.

ಅಲ್ಲಿಂದ ಬಂದವಳೇ ಗೌರಕ್ಕ ಗಂಡನಿಗೆ ಹೊಸ ಕಾರಣ ತೋರಿಸಿದಳು: ಅಜ್ಜನ ರಕ್ತ, ಮನೆತನದ ದಾರಿ. ಚನ್ನಬಸಣ್ಣ ತಲೆ ಆಡಿಸಿದ. "ಅಜ್ಜನ ಹೆಸರ ಮ್ಯಾಲ ಮಾಲ ಮಾರಬ್ಯಾಡ. ಇದೂ ಮ್ಯಾಲಿಂದ."

ಆಮೇಲೆ ಬಂತು ನಿಜವಾದ ಒಂದು ನೋವು. ಆಕೆಯೇ ಕೈ ಹಿಡಿದು ಕೆಲಸ ಕಲಿಸಿದ ಹುಡುಗನಿಗೆ ಕಂಪನಿ ಹಿಂದಿನ ವರ್ಷ ಬಡ್ತಿ ಕೊಟ್ಟು ಆಕೆಯ ಮೇಲೆಯೇ ಕೂರಿಸಿತ್ತು. ಅದನ್ನು ಗೌರಕ್ಕ ಗಂಡನಿಗೆ ಹೇಳಿದಳು. ನಾನು ಅಂದು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಚನ್ನಬಸಣ್ಣ ಆಕೆಯ ಕಡೆ ತಿರುಗಿ ಕೂತ.

"ಇದು ಖರೇ ಐತಿ. ಆದ್ರ ನಡುವಿನ ಕಾಯಿ. ಸಿಟ್ಟಿನ ಮ್ಯಾಲ ಮನಶ್ಯಾ ಹಾವೇರಿ ತನಕಾ ಹೋಗಬಹುದು ಗೌರಾ. ಆಫ್ರಿಕಾ ಮಟಾ ಹೋಗಾಕ ಸಿಟ್ಟು ಸಾಲಂಗಿಲ್ಲ."

ಗೌರಕ್ಕ ಕೈಯಲ್ಲಿದ್ದ ಸೌಟನ್ನು ಅಡುಗೆಮನೆಯೊಳಕ್ಕೆ ಬೀಸಿ ಒಗೆದಳು. ಅದು ತಾಮ್ರದ ಕೊಡಕ್ಕೆ ಬಡಿದು ಠಣ್ ಅಂದಿತು. "ನಾ ಏನ್ ಮೆಣಸಿನಕಾಯಿ ಚೀಲ ಏನ್ರಿ?" ಎಂದು ಕೂಗಿ ಹೊರಗೆ ನಡೆದುಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಮಾತು ನಿಂತಿತು. ಸಂದರ್ಶನದ ದಿನ ಹತ್ತಿರವಾಗುತ್ತಿತ್ತು. ರೈಲಿನ ಟಿಕೆಟು ತೆಗೆಸಲೋ ಬೇಡವೋ ಎಂದು ಕೇಳಲು ನನಗೂ ಧೈರ್ಯವಿರಲಿಲ್ಲ.

ಪ್ಯಾಟೆಯ ದಿನವೊಂದು ಬಂತು. ಕಾಲೇಜಿಗೆ ರಜೆ ಇತ್ತು. ಹಾವೇರಿಯ ಅಣ್ಣನ ಮನೆಗೆ ಕಾಯಿ ಒಯ್ಯೋಣವೆಂದು ನಾನು ಚನ್ನಬಸಣ್ಣನ ಅಂಗಡಿಗೆ ಹೋಗಿದ್ದೆ. ಅಂಗಳದ ತುಂಬ ಚೀಲ, ಕಾಲಿಡಲು ತೆರಪಿಲ್ಲ. ಟ್ರ್ಯಾಕ್ಟರು, ಚಕ್ಕಡಿ, ಹಮಾಲರ ಕೂಗು. ಅಷ್ಟರಲ್ಲಿ ಕೆಂಪು ಸ್ಕೂಟಿ ಎಲ್ಲರನ್ನೂ ಹಾರಿಸಿಕೊಂಡು ಬಂದು ನಿಂತಿತು. ಗೌರಕ್ಕ ನೇರ ಹೊಲದಿಂದ ಬಂದಿದ್ದಳು; ಅಂಗಿಯ ತೋಳಿಗೆ ಹಳದಿ ಪರಾಗ ಹತ್ತಿತ್ತು. ಗಂಡನ ಜೊತೆ ಜಗಳ ಮುಗಿಸಿಬಿಡಬೇಕೆಂದೇ ಬಂದಿದ್ದಳೆಂದು ಕಾಣುತ್ತದೆ. ಆದರೆ ಚನ್ನಬಸಣ್ಣ ಖರೀದಿದಾರರ ನಡುವೆ ಸಿಕ್ಕಿಕೊಂಡಿದ್ದ. ಕಾಯುತ್ತ ನಿಂತವಳು ಮುಂದಿದ್ದ ಒಂದು ಲಾಟಿನ, ಅಂದರೆ ಒಬ್ಬ ರೈತನ ಮಾಲಿನ, ಚೀಲಗಳನ್ನು ನೋಡಿದಳು.

"ದಸ್ತಗೀರಣ್ಣಾ, ಈ ಮಾಲು ಭಾಳ ಛಂದ ಐತಿ. ಯಾರದು?"

ದಸ್ತಗೀರ್ ಸಾಹೇಬ ಹಲ್ಲು ಬಿಟ್ಟ. "ಅದನ್ನ ಹೇಳಂಗಿಲ್ರಿ ಅಕ್ಕಾರ. ಬೆಲಿ ಆಗೂತನಕಾ ನಂಬರ್ ಅಷ್ಟ."

"ಯಾಕ?"

"ಹೆಸರು ಗೊತ್ತಾದ್ರ ಮಾಲು ಯಾರ್ರಿ ನೋಡ್ತಾರ? ಗೌಡರದು ಅಂದ್ರ ಕೈ ಹಾಕದ ಬೆಲಿ ಏರಸ್ತಾರ, ಬಡವಂದು ಅಂದ್ರ ಇಳಸ್ತಾರ. ನಂಬರ್ ಇದ್ರ ಕಾಯಿನ ಮಾತಾಡ್ತೈತಿ."

ಇಷ್ಟು ವರ್ಷ ಆ ಅಂಗಡಿಗೆ ಹೋಗಿ ಬಂದು ಮಾಡಿದ್ದ ಗೌರಕ್ಕನಿಗೆ ನಂಬರಿನ ಚೀಟಿ ಹೊಸದಲ್ಲ, ಯಾಕೆಂದು ಮಾತ್ರ ಎಂದೂ ಕೇಳಿರಲಿಲ್ಲ. ಅಂದು ಕೇಳಿದವಳು ನಿಂತಲ್ಲೇ ನಿಂತುಬಿಟ್ಟಳು. ಚೀಲದ ಬಾಯಿಗೆ ಕಟ್ಟಿದ ನಂಬರಿನ ಚೀಟಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಲೇ ಇದ್ದಳು. ನಂತರ ತೋಳು ಮೇಲೇರಿಸಿ, ಗಂಡ ಮಾಡುವ ಹಾಗೇ ಮೊಳಕೈವರೆಗೆ ಚೀಲದೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಕಾಯಿ ತೆಗೆದು ನೆಟ್ಟಗೆ ಚನ್ನಬಸಣ್ಣನ ಮುಂದೆ ಹೋಗಿ ಹಿಡಿದಳು.

"ತಗೋರಿ. ತಳದ ಕಾಯಿ ಬೇಕಂದ್ರಲ್ಲ."

ಖರೀದಿದಾರರು ಸರಿದು ನಿಂತರು. ಚನ್ನಬಸಣ್ಣ ಕಣ್ಣು ಕಿರಿದು ಮಾಡಿದ.

"ಹುಟ್ಟಿದಾಗಿಂದ ನಾ ಹೆಸರಿನ ಮ್ಯಾಲ ಮಾರಾಟ ಆಗೇನ್ರಿ. ಮೋಟೆಬೆನ್ನೂರಾಗ ಅಜ್ಜನ ಮೊಮ್ಮಗಳು. ಬ್ಯಾಡಗ್ಯಾಗ ದಲಾಲಿ ಚನ್ನಬಸಪ್ಪನ ಹೇಣ್ತಿ. ಹಳ್ಳ್ಯಾಗ ಕಂಪನಿ ಮೇಡಮ್ಮು. ಹೊಲದಾಗ ಮಂದಿ ನನ್ನ ಮಾತು ಕೇಳ್ತಾರ, ಖರೇ. ನನಗ ಕೇಳ್ತಾರೋ, ನಿಮ್ಮ ಹೆಸರಿಗೆ ಕೇಳ್ತಾರೋ, ಕಂಪನಿ ಗಾಡಿಗೆ ಕೇಳ್ತಾರೋ, ನನಗೇನ್ ಗೊತ್ತು? ನಾ ಯಾರಂತ ಯಾರಿಗೂ ಗೊತ್ತಿಲ್ಲದ ಒಂದು ಪ್ಯಾಟ್ಯಾಗ ನನ್ನ ಚೀಲಾ ಇಟ್ಟು ನೋಡಬೇಕಾಗೇತ್ರಿ. ಬರೇ ನಂಬರ್ ಹಚ್ಚಿ. ಯಾರೂ ಕೈ ಹಾಕಲಿಲ್ಲಂದ್ರೂ ಆತು. ನನಗ ಗೊತ್ತಾಗಬೇಕು."

ಚನ್ನಬಸಣ್ಣ ಆಕೆಯ ಅಂಗೈಯಿಂದ ಒಂದು ಕಾಯಿ ಎತ್ತಿಕೊಂಡ. ಬೆಳಕಿಗೆ ಹಿಡಿದ, ಮುರಿದ, ಮೂಸಿ ನೋಡಿದ.

"ಇದು ತಳದ ಕಾಯಿ" ಅಂದ ಕೊನೆಗೆ. "ಹಂಗಾರ ನಂದೂ ತಗೋ. ಮಂದಿ ಏನಂತಾರ ಅಂತ ನಾ ಅಂಜಾವ ಅಲ್ಲ. ಉಣ್ಣಾಕ ಖಾನಾವಳಿ ಐತಿ. ಆದ್ರ ಅಲ್ಲಿ ನಿನಗ ದೊಡ್ಡ ಬೆಲಿ ಹತ್ತಿಬಿಟ್ಟರ, ಹೊಳ್ಳಿ ಬಂದು ಚನ್ನಬಸಪ್ಪನ ಹೇಣ್ತಿ ಆಗಾಕ ನಿನಗ ಯಾಕ ಬೇಕಾಗೇತಿ? ಇದು ನನ್ನ ಅಂಜಿಕಿ. ಇಷ್ಟ ದಿನಾ ಯಾಕ ಯಾಕ ಅಂತ ಕೇಳಿದ್ದು ಇದಕ್ಕ."

ಹತ್ತು ಮಂದಿ ವ್ಯಾಪಾರಿಗಳ ಮುಂದೆ, ಹಮಾಲರ ಮುಂದೆ, ಹೆಂಡತಿಗೆ ಹೀಗೆ ಹೇಳಿದ ಗಂಡಸನ್ನು ನಾನು ಆಮೇಲೂ ಕಂಡಿಲ್ಲ. ಗೌರಕ್ಕನ ಮುಖ ಅರಳುತ್ತ ಹೋಯಿತು.

"ಚಲೋ ಬೆಲಿ ಹತ್ತಿದ ರೈತ ಮುಂದಿನ ಸುಗ್ಗಿಗೆ ಇದ್ದ ದಲಾಲಿನ್ನ ಬಿಟ್ಟು ಹೋಗ್ಯಾನೇನ್ರಿ?"

ಚನ್ನಬಸಣ್ಣನ ಹೊಟ್ಟೆಯಿಂದ ಎದ್ದ ನಗು ಇಡೀ ಅಂಗಳಕ್ಕೆ ಕೇಳಿತು. "ಹೂಂ" ಅಂದ. "ಹೂಂ, ಹೂಂ, ಹೋಗಿ ಬಾ. ದಸ್ತಗೀರಾ, ಲಗೂನ ಚಾ ಹೇಳೋ ಎಲ್ಲಾರಿಗೂ!"

ಬೆಂಗಳೂರಿಗೆ ಜೊತೆಗೆ ನಾನೇ ಹೋದೆ. ರಾಣೆಬೆನ್ನೂರಿನಲ್ಲಿ ರೈಲು ಹತ್ತಿದಾಗಿನಿಂದ ನನ್ನ ಇಂಗ್ಲಿಷ್ ಉತ್ತರವನ್ನು ಬಾಯಿಪಾಠ ಮಾಡಿಸಲು ನೋಡಿದೆ. ಆಕೆ ಕಿಟಕಿಯಾಚೆ ಕಣ್ಣಿಟ್ಟು ಯಾರ ಹೊಲದ ಬೆಳೆ ಹೇಗಿದೆ ಅಂತ ಹೇಳುತ್ತ ಕೂತಳು. ಬುತ್ತಿ ಬಿಚ್ಚಿದಾಗ ನೋಡುತ್ತೇನೆ, ಶೇಂಗಾ ಚಟ್ನಿ ಕಟ್ಟಿದ್ದು ನನ್ನ ಮನುಕುಲದ ಸೇವೆಯ ಕರಡು ಹಾಳೆಯಲ್ಲಿ! "ಏನ್ರಿ ಗೌರಕ್ಕ ಇದು?" ಅಂದರೆ, "ಎಣ್ಣಿ ಚಲೋ ಹೀರ್ತೈತ್ರಿ ಅಕ್ಕೋರ, ಹಾಳಿ ದಪ್ಪ ಐತಿ" ಅಂದಳು. ಸಿಟ್ಟೂ ಬಂತು, ನಗೂ ಬಂತು; ಚಟ್ನಿ ಮಾತ್ರ ಚೆನ್ನಾಗಿತ್ತು.

ಸಂದರ್ಶನದ ಕೋಣೆಯ ಹೊರಗೆ ನಾನು ಉಗುರು ಕಚ್ಚುತ್ತ ಕೂತಿದ್ದೆ. ಒಳಗೆ ನಡೆದದ್ದನ್ನು ಗೌರಕ್ಕ ಮರಳುವ ರೈಲಿನಲ್ಲಿ ಹೇಳಿದಳು. ಯಾಕೆ ಹೋಗಬೇಕು ಅಂತಲೇ ಕೇಳಿದರಂತೆ. ಈಕೆ ತನಗೆ ಬಂದ ಇಂಗ್ಲಿಷಿನಲ್ಲಿ, ಬಾರದ ಕಡೆ ಕನ್ನಡ ಹಾಕಿ, ಪ್ಯಾಟೆಯ ಚೀಲದ ಕತೆಯನ್ನೇ ಹೇಳಿದಳಂತೆ. ಅಲ್ಲಿದ್ದ ನರೆಗೂದಲಿನ ಹೆಂಗಸೊಬ್ಬಳು ಕನ್ನಡಕ ತೆಗೆದಿಟ್ಟು, ಅಲ್ಲಿಯೂ ಯಾರೂ ನಿಮ್ಮ ಚೀಲಕ್ಕೆ ಕೈ ಹಾಕದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳಂತೆ.

"ನೀವೇನಂದ್ರಿ?"

"ಚೀಲಾ ಸುರುವಿ ಮತ್ತ ಆರಸ್ತೇನಿ ಅಂದ್ಯಾ. ಮತ್ತೇನ್ ಅನ್ನೂದು? ಕೆಟ್ಟ ಕಾಯಿ ತಗದು ಚಲೋವು ಇಟ್ಟು ಮತ್ತ ನಿಲ್ಲಸ್ತೇನಿ."

ಆಯ್ಕೆಯಾದ ಸುದ್ದಿ ಬಂದಾಗ ಪ್ಯಾಟೆ ಇಳಿಮುಖವಾಗಿತ್ತು. ಪಾಸ್‌ಪೋರ್ಟು, ರೋಗ ತಡೆಯುವ ಸೂಜಿ, ಮಗಳ ಪರೀಕ್ಷೆ ಅನ್ನುವುದರಲ್ಲಿ ಬೇಸಿಗೆ ಕರಗಿಹೋಯಿತು. ಹೊರಡುವ ಮುಂಚೆ ಮೋಟೆಬೆನ್ನೂರಿನ ಹೊಲದಲ್ಲಿ ಕ್ರಾಸಿಂಗ್ ಹೆಣ್ಣುಮಕ್ಕಳು ಆಕೆಯ ಮುಂಗೈಗೆ ಹೂವಿಗೆ ಕಟ್ಟುವ ದಾರ ಕಟ್ಟಿದರು. ನಿಂಗವ್ವ, "ಗುರುತಿಗಿ ಇರ್ಲಿ ಬಿಡ್ರಿ, ಬ್ಯಾರೆ ಯಾರರೆ ಹರಕೊಂಡ್ಹೋದಾರು" ಅಂದಾಗ ಎಲ್ಲರೂ ನಕ್ಕರು. ಗೌರಕ್ಕನ ತಾಯಿ ನಗಲಿಲ್ಲ. ಆದರೆ ಅಜ್ಜನ ಕಾಲದ ಒಂದು ಖಾದಿ ಟಾವೆಲ್ ತಂದು ಮಗಳ ಹೆಗಲ ಮೇಲೆ ಹಾಕಿದಳು.

ಮೊದಲ ಮಳೆ ಬಿದ್ದ ಸಂಜೆ ರಾಣೆಬೆನ್ನೂರು ಸ್ಟೇಷನ್ನಿನಿಂದ ಕಳಿಸಿಕೊಟ್ಟೆವು. ರೈಲು ಬರುವ ಮೊದಲು ಚನ್ನಬಸಣ್ಣ ಆಕೆಯ ಬ್ಯಾಗಿನ ಜಿಪ್ಪು ಎಳೆದು ಮೊಳಕೈವರೆಗೆ ಕೈ ಇಳಿಸಿದ. ತಳದಿಂದ ಖಾರದ ಪುಡಿಯ ಪೊಟ್ಟಣ ಬಂತು. ಅದನ್ನು ತೂಗಿ ನೋಡಿ, "ಪಾಸಾತು" ಅಂದು ಮತ್ತೆ ತಳದಲ್ಲೇ ಇಟ್ಟ.

ಆಮೇಲಿನ ತಿಂಗಳುಗಳು ಆತನ ಪಾಲಿಗೆ ಉದ್ದವಾದವು. ತಲುಪಿದ ಸುದ್ದಿಯೊಂದು ಬಂತು. ನಂತರ ಬರೀ ತುಂಡು ತುಂಡು ಮಾತು. ಲೈನು ಸರಿ ಸಿಗುತ್ತಿರಲಿಲ್ಲ. ಗೌರಕ್ಕ ಚೆನ್ನಾಗಿದ್ದೇನೆ ಅನ್ನುತ್ತಿದ್ದಳು. ಚನ್ನಬಸಣ್ಣ ಫೋನಿಟ್ಟು, "ಮ್ಯಾಲಿನ ಕಾಯಿ" ಎಂದು ಗೊಣಗುತ್ತಿದ್ದ.

ಹೊಸ ಕಾಯಿ ಪ್ಯಾಟೆಗೆ ಬರತೊಡಗಿದ ದಿನಗಳಲ್ಲಿ ಒಮ್ಮೆ ನಾನು ಅಂಗಡಿಯಲ್ಲಿದ್ದಾಗಲೇ ಫೋನು ಬಂತು. ಅಂಗಳದಲ್ಲಿ ಜನ ತುಂಬಿದ್ದರು. ಚನ್ನಬಸಣ್ಣ ಚೀಲದಿಂದ ಕೈ ತೆಗೆದು ಓಡಿ ಬಂದು ರಿಸೀವರ್ ಎತ್ತಿಕೊಂಡ. ಕ್ಷೇಮ ಸಮಾಚಾರ ಕೇಳಲಿಲ್ಲ, ರೈತರು ಮಾಲು ಮಾರಾಟವಾಯಿತೇ ಎಂದು ಕೇಳುವ ಹಾಗೆ ಕೇಳಿದ.

"ಗೌರಾ, ಖರೇ ಹೇಳು. ಲಾಟು ಹೋತೋ ಇಲ್ಲೋ?"

ಆಮೇಲೆ ಆತನ ಚಾಳಿ ಶುರುವಾಯಿತು. ಆಕೆ ಅಂದದ್ದನ್ನೆಲ್ಲ ಗಟ್ಟಿಯಾಗಿ ತಿರುಗಿ ಹೇಳತೊಡಗಿದ. "ಮೊದಲ ಯಾರೂ ಕೈ ಹಾಕಲಿಲ್ಲಂತ! ... ಹೊಲಕ್ಕ ಕರದ್ರ ಒಬ್ಬಾಕೀನೂ ಬರಲಿಲ್ಲಂತ! ... ಸೀರಿ ಮ್ಯಾಲ ಅಂಗಿ ನೋಡಿ ನಕ್ಕರಂತ! ... ಮಾಡಿದ ಮೊದಲನೇ ಮಡಿ, ಬಿಸಲಿಗೆ ಹೂವೆಲ್ಲಾ ಉದುರಿ ಹೋತಂತ!" ದಸ್ತಗೀರ್ ಸಾಹೇಬ ಅಭ್ಯಾಸಬಲದಿಂದ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಖರೀದಿದಾರರು, ರೈತರು, ಹಮಾಲರು ಒಬ್ಬೊಬ್ಬರಾಗಿ ಬಂದು ಅಂಗಡಿಯ ಕಟ್ಟೆಗೆ ಆತುಕೊಂಡರು. ಚನ್ನಬಸಣ್ಣನ ಮುಖ ಕಪ್ಪಿಟ್ಟಿತು.

"ಗೌರಾ, ಲಾಟು ಹೊಳ್ಳಿ ತಗೊಂಡು ಬಾ. ಬೆಲಿ ಬರದಿದ್ರ ರೈತ ಒಯ್ಯಂಗಿಲ್ಲೇನು? ಮನಿ ಐತಿ. ಬಾ."

ಆಕೆ ಏನೋ ಹೇಳತೊಡಗಿದಳು. ಈ ಸಲ ಆತ ತಿರುಗಿ ಹೇಳಲಿಲ್ಲ. ಕೇಳುತ್ತಲೇ ನಿಂತ. ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಂಡ. ದಸ್ತಗೀರ್ ಸಾಹೇಬನ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. "ಏನಂದ್ರು, ಸಾಹುಕಾರ್ರ?" ಎಂದು ಆತ ಪಿಸುದನಿಯಲ್ಲಿ ಕೇಳಿದ. ಚನ್ನಬಸಣ್ಣ ಫೋನು ಇಟ್ಟು ನಮ್ಮ ಕಡೆ ತಿರುಗಿದ.

"ಎಲ್ಲಾ ಸುರುವಿ ಮತ್ತ ಆರಸಿದಳಂತ. ಅಲ್ಲಿ ಹೆಣ್ಮಕ್ಕಳ ಹಂತೇಕನ ಕುಂತು, ಅಲ್ಲೀ ಬಿಸಲು ಯಾವಾಗ ಇಳೀತೈತಿ ಅಂತ ಕಲತು, ಮತ್ತ ಮಡಿ ಮಾಡಿದಳಂತ. ಕಾಯಿ ಹಿಡದೈತಂತ. ನಿನ್ನಿ ದಿನಾ, ಎಲ್ಲಾರಿಗಿಂತ ಜಾಸ್ತಿ ನಕ್ಕಿದ್ದಾಕಿ, ತಾನ ಇಕಿ ಮನಿ ಬಾಗಲಿಗೆ ಬಂದು, 'ಗೌರೀ, ನಾಳಿ ನಮ್ಮ ಹೊಲಕ್ಕ ಬಾ' ಅಂದಳಂತ." ಒಂದು ಸಲ ಉಸಿರೆಳೆದುಕೊಂಡ. "ಮೇಡಂ ಅಲ್ಲ. ಯಾರ ಹೇಣ್ತಿನೂ ಅಲ್ಲ. ಗೌರಿ ಅಂದಳಂತ."

"ನಾ ಏನಂತ ಬರೀಲ್ರಿ?" ಅಂದ ದಸ್ತಗೀರ್ ಸಾಹೇಬ.

"ಲಾಟು ಹೋತು ಅಂತ ಬರಿ."

ಅಷ್ಟು ಹೇಳಿದವನೇ ಚನ್ನಬಸಣ್ಣ ಎರಡೂ ಕೈಯಿಂದ ಗಸಗಸನೆ ಕಣ್ಣೊರೆಸಿಕೊಂಡ. ಮೀಸೆ ಮೂಡಿದಾಗಿನಿಂದ ಆ ಪ್ಯಾಟೆಯಲ್ಲಿದ್ದ ಮನುಷ್ಯ, ಕಂಡ ಕಂಡವರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ, ಪ್ಯಾಟಿ ಕೈಯಿಂದ! ಮರುಕ್ಷಣ, "ಯಪ್ಪಾ ಸತ್ತೆನೋ!" ಎಂದು ಕಟ್ಟೆಯ ಮೇಲೆ ಕುಣಿಯತೊಡಗಿದ. ಯಾರೋ ಹಾಲಿಗೆ ಓಡಿದರು, ಯಾರೋ ನೀರಿಗೆ. ಹಿಂದಿನ ವರ್ಷ ಇದೇ ತಪ್ಪಿಗೆ ಆತನಿಂದ ಬೈಸಿಕೊಂಡಿದ್ದ ಹಮಾಲನೊಬ್ಬ ಚೀಲದ ಮೇಲೆ ಬಿದ್ದು ಬಿದ್ದು ನಗುತ್ತಿದ್ದ. ಇಡೀ ಪ್ಯಾಟೆ ನಗುತ್ತಿತ್ತು. ಚನ್ನಬಸಣ್ಣನೂ ಮುಖಕ್ಕೆ ಹಾಲು ಸುರಿಸಿಕೊಳ್ಳುತ್ತ, ಕಣ್ಣಿಂದ ಧಾರಾಕಾರ ನೀರು ಹರಿಸುತ್ತ, ನಗುತ್ತಲೇ ಕೂಗಿದ:

"ಯಾರೂ ಆಕಿಗೆ ಹೇಳಬ್ಯಾಡ್ರೋ!"